ಬೇರು ಎಲ್ಲಿ ಮಾಸ್ಟ್ರೇ?

ಪಕ್ಕದ ತೋಟದವರು ಮೊನ್ನೆ ಆಳು ಹಿಡಿದು ಕೆರೆಯ ಪಾಚಿ ಎತ್ತಿಸಿ ದಂಡೆಯ ಮೇಲೆ ರಾಶಿ ಹಾಕಿಸಿದ್ದರು. ಅಂತರಗಂಗೆ, ಹೈಡ್ರಿಲ್ಲಾ, ತಾವರೆಯ ಕೊಳೆತ ದಂಟು, ನಡುನಡುವೆ ಹಸಿರು ಸಿಕ್ಕುಗೂದಲಿನಂಥದ್ದೊಂದು. ಆ ಸಿಕ್ಕನ್ನೇ ಒಂದು ಹಿಡಿ ಬಿಡಿಸಿ ಬಕೆಟ್ಟಿಗೆ ಹಾಕಿಕೊಂಡೆ.

"ಅದೆಂತಕ್ಕೆ ಮಾಸ್ಟ್ರೇ ನಿಮಗೆ? ಗೊಬ್ಬರಕ್ಕೂ ಸಾಲದ ಪಾಚಿ."

"ಇದು ಮಾಂಸ ತಿನ್ನುವ ಗಿಡ ಮಾರಾಯ್ರೆ."

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಬಕೆಟ್ಟನ್ನು. ಆಮೇಲೆ ಒಂದು ಎಳೆ ಎತ್ತಿ, ತುದಿಯಿಂದ ಬುಡದವರೆಗೆ ಬೆರಳಾಡಿಸಿ, "ಬೇರು ಎಲ್ಲಿ ಇದರದ್ದು?" ಎಂದರು.

ತೋಟ ಮಾಡುವವರ ಕಣ್ಣು ಮೊದಲು ಹೋಗುವುದು ಬೇರಿಗೇ. ಇದಕ್ಕೆ ಬೇರು ಇಲ್ಲ ಎಂದು ಹೇಳಿ ಬಂದೆ. ಅವರು ಅಷ್ಟಕ್ಕೇ ಬಿಟ್ಟದ್ದು ನನ್ನ ಪುಣ್ಯ. ಹಾಗಾದರೆ ಕಾಂಡ ಯಾವುದು, ಎಲೆ ಯಾವುದು ಎಂದು ಕೇಳಿದ್ದರೆ 28 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ಕೆರೆದಂಡೆಯಲ್ಲಿ ತಲೆ ಕೆರೆದುಕೊಂಡು ನಿಲ್ಲಬೇಕಿತ್ತು.

'ಸಸ್ಯದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.' ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೆಲದ ಕೆಳಗೆ ಬೇರು, ಮೇಲೆ ಕಾಂಡ, ಕಾಂಡಕ್ಕೆ ಎಲೆ, ತುದಿಗೆ ಹೂ. ಬಾಣದ ಗುರುತು ಅಡ್ಡಾದಿಡ್ಡಿ ಎಳೆದರೆ ಅರ್ಧ ಅಂಕ ಕಡಿತ. ದ್ಯುತಿಸಂಶ್ಲೇಷಣೆಯ ಪ್ರಯೋಗದ ದಿನ ಹುಡುಗರನ್ನು ಕೆರೆಗೆ ಕಳಿಸುತ್ತಿದ್ದೆ, ಹೈಡ್ರಿಲ್ಲಾ ತರಲು. ಬೀಕರಿನಲ್ಲಿ ಗಿಡ, ಮೇಲೆ ಕವುಚಿದ ಆಲಿಕೆ, ಅದರ ಮೇಲೆ ಪ್ರನಾಳ, ಗುಳ್ಳೆ ಗುಳ್ಳೆ ಆಮ್ಲಜನಕ. ಹುಡುಗರು ತಂದ ಮುದ್ದೆಯಲ್ಲಿ ಹೈಡ್ರಿಲ್ಲಾದ ಜೊತೆ ಕಪ್ಪು ಚುಕ್ಕೆಗಳಿದ್ದ ಇನ್ನೊಂದು ನೂಲಿನಂಥ ಗಿಡ ಸುತ್ತಿಕೊಂಡಿರುತ್ತಿತ್ತು. ನಾನು ಅದನ್ನು ಜಾಗ್ರತೆಯಿಂದ ಬಿಡಿಸಿ ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ. ಇಡೀ ಬೀಕರಿನಲ್ಲಿ ಅತಿ ವಿಚಿತ್ರವಾದ ಜೀವಿ ಅದೇ ಆಗಿತ್ತು ಎಂಬುದು ಗೊತ್ತಾದದ್ದು ನಿವೃತ್ತಿಯ ನಂತರ.

ಅದರ ಹೆಸರು ಯುಟ್ರಿಕ್ಯುಲೇರಿಯಾ. ಲ್ಯಾಟಿನ್ನಿನಲ್ಲಿ ಯುಟ್ರಿಕ್ಯುಲಸ್ ಎಂದರೆ ಪುಟ್ಟ ತೊಗಲಿನ ಚೀಲ. ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುವುದನ್ನು ಕಂಡವರಿಗೆ ಈ ಹೆಸರು ಥಟ್ಟನೆ ಅರ್ಥವಾದೀತು. ಕಪಿಲೆಯ ಬಾನಿಯೂ ತೊಗಲಿನದೇ, ಕೆಲಸವೂ ನೀರು ತುಂಬುವುದೇ. ಮಾಂಸಾಹಾರಿ ಸಸ್ಯಗಳ ಅತಿ ದೊಡ್ಡ ಕುಲಗಳಲ್ಲಿ ಇದೂ ಒಂದು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪೀಟರ್ ಟೇಲರ್ ಜೀವಮಾನವೆಲ್ಲ ಇದರ ಹಿಂದೆ ಬಿದ್ದು 1989ರಲ್ಲಿ ತಂದ ಗ್ರಂಥದಲ್ಲಿ 214 ಪ್ರಭೇದಗಳಿದ್ದವು. ಈಗ ಲೆಕ್ಕ 240 ದಾಟಿದೆ. ನೀರಿನಲ್ಲೇ ಬದುಕುವವು ಅವುಗಳಲ್ಲಿ ಸುಮಾರು ಐದರಲ್ಲೊಂದು ಪಾಲು. ಉಳಿದವು ಒದ್ದೆ ನೆಲದವು. ಭಾದ್ರಪದದ ಹೊತ್ತಿಗೆ ಕರಾವಳಿಯ ಜಂಬಿಟ್ಟಿಗೆ ಪದವುಗಳ ಮೇಲೆ, ಗದ್ದೆಯಂಚಿನಲ್ಲಿ ನೆಲಕ್ಕೇ ನೀಲಿ ಚೆಲ್ಲಿದಂತೆ ಕಾಣುತ್ತದಲ್ಲ, ಆ ಪುಟ್ಟ ಹೂಗಳು ಇದೇ ಕುಲದವು. ಮಲಯಾಳಿಗಳು ಕಾಕ್ಕಪ್ಪೂ ಎಂದು ಕರೆದು ಓಣಂ ಹೂರಂಗೋಲಿಗೆ ಬಳಸುತ್ತಾರೆ. ಮರಾಠಿಯಲ್ಲಿ ಸೀತೆಯ ಕಣ್ಣೀರು. ನಮ್ಮ ಕರ್ನಾಟಕದಲ್ಲಿ ಸಿಗುವ ಒಂದಕ್ಕೆ ಟೇಲರ್ ಸಿಸಿಲಿಯೈ ಎಂದು ಹೆಸರಿಟ್ಟರು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ 1976ರಲ್ಲಿ ಗ್ರಂಥ ತಂದ ಫಾದರ್ ಸಿಸಿಲ್ ಸಲ್ಡಾನ್ಹಾ ಅವರ ಗೌರವಕ್ಕೆ.

ನನ್ನ ಬಕೆಟ್ಟಿಗೆ ಬಂದದ್ದು ನೀರಿನದು, ಯುಟ್ರಿಕ್ಯುಲೇರಿಯಾ ಆರಿಯಾ. ಆರಿಯಾ ಎಂದರೆ ಹೊನ್ನಿನ ಬಣ್ಣದ್ದು. ಹೂ ಬಿಟ್ಟಾಗ ಗೇಣುದ್ದದ ದಂಟು ನೀರಿನಿಂದ ಮೇಲೆದ್ದು ಹಳದಿ ಹೂ ತೋರಿಸುತ್ತದೆ. ಉಳಿದ ಸಂಸಾರವೆಲ್ಲ ನೀರೊಳಗೆ.

ಉಪ್ಪಿನಕಾಯಿಯ ಖಾಲಿ ಬಾಟಲಿ ತೊಳೆದು ಕೆರೆನೀರಿನ ಸಮೇತ ಅದರಲ್ಲಿ ಬಿಟ್ಟು, ಭೂತಗನ್ನಡಿ ಹಿಡಿದು ಕೂತೆ. ನೂಲಿನಂಥ ನಡು, ಅದರಿಂದ ಎರಡೂ ಕಡೆಗೆ ಕವಲು, ಕವಲಿಗೆ ಕವಲು, ಕೊನೆಗೆ ಕೂದಲಿಗಿಂತ ಸಣ್ಣ ಎಳೆ. ಆ ಎಳೆಗಳ ಮೇಲೆ ರಾಗಿಕಾಳಿನಷ್ಟು ಚೀಲಗಳು. ಎಳೆಯ ಚೀಲ ಗಾಜಿನಂತೆ ತಿಳಿಯಾಗಿ ಹಸಿರು, ಹಳೆಯದು ಉಂಡದ್ದರಿಂದ ಕಪ್ಪು. ಪ್ರತಿ ಚೀಲಕ್ಕೂ ಒಂದು ಬಾಯಿ, ಬಾಯಿಗೆ ಒಳಮುಖವಾಗಿ ತೆರೆಯುವ ಒಂದು ಕದ, ಕದದ ಹೊರಗೆ ನಾಲ್ಕಾರು ರೋಮ. ಚೀಲದ ಗೋಡೆಗೆ ಎರಡೇ ಜೀವಕೋಶದ ದಪ್ಪ.

ಹಿಂದಿನವರು ಈ ಚೀಲಗಳನ್ನು ಗಿಡ ತೇಲಲು ಇಟ್ಟುಕೊಂಡ ಗಾಳಿಬುರುಡೆ ಎಂದುಕೊಂಡಿದ್ದರು. ನಾವು ಚಿಕ್ಕಂದಿನಲ್ಲಿ ಈಜು ಕಲಿಯುವಾಗ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದೆವಲ್ಲ, ಹಾಗೆ. ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಪುಸ್ತಕ ಬರೆಯುವ ಹೊತ್ತಿಗೆ ಇದು ಬೇಟೆಯ ಚೀಲ ಎಂಬುದು ಗೊತ್ತಾಗಿತ್ತು. ಆದರೆ ಹುಳು ಒಳಹೊಗುವುದು ಹೇಗೆ ಎಂಬಲ್ಲಿ ಅವರು ಎಡವಿದರು. ಹುಳುವೇ ತಲೆಯನ್ನು ಬೆಣೆಯಂತೆ ತೂರಿಸಿ ಕದ ತಳ್ಳಿಕೊಂಡು ಒಳಗೆ ಹೋಗುತ್ತದೆ ಎಂದು ಬರೆದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಮೇರಿ ಟ್ರೀಟ್ ಎಂಬಾಕೆ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂತು ಬೇರೆಯದನ್ನೇ ಕಂಡಳು. ಹುಳು ತಳ್ಳುವುದಿಲ್ಲ, ಚೀಲವೇ ಸೆಳೆದುಕೊಳ್ಳುತ್ತದೆ. ಡಾರ್ವಿನ್ ತಮ್ಮ ಬೆಣೆಯ ಊಹೆ ತಪ್ಪು ಎಂದು ಆಕೆಗೆ ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕ ಅಚ್ಚಾದ ಮೇಲೆ ಹೀಗೆ ಒಪ್ಪಿಕೊಳ್ಳುವವರನ್ನು ನಾನು ನಮ್ಮ ಶಿಕ್ಷಕರ ಕೊಠಡಿಯಲ್ಲಂತೂ ಕಂಡದ್ದಿಲ್ಲ, ನನ್ನನ್ನೂ ಸೇರಿಸಿ.

ಕೆಲಸ ನಡೆಯುವ ರೀತಿ ಇಂಕ್ ಫಿಲ್ಲರಿನದೇ. ರಬ್ಬರಿನ ಬುಡ ಒತ್ತಿಹಿಡಿದು ಶಾಯಿಯಲ್ಲಿ ಅದ್ದಿ ಬಿಟ್ಟರೆ ಶಾಯಿ ಮೇಲೇರುತ್ತದಲ್ಲ, ಹಾಗೆ. ಇಲ್ಲಿ ಒತ್ತುವ ಬೆರಳಿಲ್ಲ. ಚೀಲದ ಗ್ರಂಥಿಗಳು ಒಳಗಿನ ನೀರನ್ನು ಒಂದೇ ಸಮನೆ ಹೊರಗೆ ಹಾಕುತ್ತವೆ. ಒಳಗೆ ಒತ್ತಡ ಇಳಿದು ಚೀಲದ ಎರಡು ಕೆನ್ನೆಗಳೂ ಗುಳಿಬೀಳುತ್ತವೆ. ಕದ ಬಿಗಿಯಾಗಿ ಮುಚ್ಚಿಕೊಂಡೇ ಇರುತ್ತದೆ. ಆಗ ಯಾವುದೋ ನೀರುಚಿಗಟ ಈಜುತ್ತ ಬಂದು ರೋಮಕ್ಕೆ ತಾಗಿತೋ, ಕದ ಮಡಚಿ ಒಳಬಿದ್ದು, ಕೆನ್ನೆ ಉಬ್ಬಿ, ನೀರು ನುಗ್ಗಿ, ನೀರಿನ ಜೊತೆ ಚಿಗಟವೂ ನುಗ್ಗಿ, ಕದ ಮತ್ತೆ ಮುಚ್ಚುತ್ತದೆ. ಈ ವಾಕ್ಯ ಓದುವಷ್ಟರಲ್ಲಿ ಅದು ಸಾವಿರಾರು ಸಲ ನಡೆಯಬಹುದಿತ್ತು. 2011ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ ಕದ ತೆರೆಯಲು ಹಿಡಿದ ಸಮಯ ಅರ್ಧ ಮಿಲಿಸೆಕೆಂಡು. ಒಳನುಗ್ಗುವ ನೀರಿನ ವೇಗೋತ್ಕರ್ಷ ಗುರುತ್ವದ 600 ಪಟ್ಟಿನವರೆಗೆ. ರಾಕೆಟ್ಟಿನಲ್ಲಿ ಕೂತು ಮೇಲೇರುವ ಗಗನಯಾತ್ರಿಗೆ ಮೂರು ನಾಲ್ಕು ಪಟ್ಟು ಬಂದರೇ ಎದೆ ಬಿಗಿಯುತ್ತದೆ.

ಬಾಟಲಿಯಲ್ಲಿ ನಾನು ಕಂಡದ್ದು ಇಷ್ಟು: ಚುಕ್ಕೆಯಂಥ ಚಿಗಟವೊಂದು ಚೀಲದ ಪಕ್ಕ ತತ್ತರಿಸುತ್ತಿತ್ತು. ನಾನು ರೆಪ್ಪೆ ಬಡಿಯಲಿಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಅದು ಹೊರಗಿತ್ತು. ಆಮೇಲೆ ಒಳಗಿತ್ತು. ನಡುವೆ ಏನೂ ಇರಲಿಲ್ಲ. ಗಾಜಿನ ಕೋಣೆಯೊಳಗೆ ಅದು ಸ್ವಲ್ಪ ಹೊತ್ತು ಗಿರಕಿ ಹೊಡೆಯಿತು, ನಿಧಾನವಾಯಿತು, ನಿಂತಿತು. ಚೀಲದೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಗಂಟೆಯೊಳಗೆ ಚೀಲ ನೀರು ಹೊರಹಾಕಿ ಮತ್ತೆ ಹೊಂಚು ಹಾಕಿತ್ತು. ಯಾರೂ ಮುಟ್ಟದಿದ್ದರೂ ಗಂಟೆಗಟ್ಟಲೆ ಕಾದ ಚೀಲ ಕೆಲವೊಮ್ಮೆ ತಾನಾಗಿ ಸಿಡಿಯುವುದುಂಟಂತೆ. ಆ ದೃಶ್ಯಕ್ಕೆ ನಾನು ಎರಡು ಸಂಜೆ ಕಾದೆ, ಸಿಗಲಿಲ್ಲ.

ಬೇಟೆಯ ಕಥೆ ರೋಚಕ, ಎಲ್ಲರೂ ಅದನ್ನೇ ಬರೆಯುತ್ತಾರೆ. ನನ್ನನ್ನು ಕಾಡಿದ್ದು ಪಕ್ಕದವರ ಪ್ರಶ್ನೆ.

ಈ ಚೀಲ ಗಿಡದ ಯಾವ ಭಾಗ? ಎಲೆಯೇ ಚೀಲವಾಗಿದೆ ಎಂದರೆ, ಎಲೆ ಎಂದು ನಾನು ಕರೆಯುತ್ತಿರುವ ಆ ಕವಲು ನಿಜಕ್ಕೂ ಎಲೆಯೇ? ಎಲೆಗೆ ಒಂದು ಮಿತಿಯಿದೆ. ಒಂದಿಷ್ಟು ಬೆಳೆದು ನಿಲ್ಲುತ್ತದೆ, ಅದರ ಮೇಲಿಂದ ಹೊಸ ರೆಂಬೆ ಬರುವುದಿಲ್ಲ. ಇದರ 'ಎಲೆ'ಯ ತುಂಡನ್ನು ಕತ್ತರಿಸಿ ನೀರಿಗೆ ಬಿಟ್ಟರೆ ಅದರಿಂದ ಹೊಸ ಗಿಡವೇ ಹೊರಡುತ್ತದೆ. ಹಾಗಾದರೆ ಅದು ಕಾಂಡವೇ? ಕಾಂಡವೆಂದರೆ ಗಿಣ್ಣು ಗಿಣ್ಣಿಗೆ ಎಲೆ, ಎಲೆಯ ಕಂಕುಳಲ್ಲಿ ಮೊಗ್ಗು ಇರಬೇಕು. ನೂಲಿನಂಥ ಆ ನಡುವಿಗೆ ಅಂಥ ಶಿಸ್ತಿಲ್ಲ. ಅದರ ತುದಿ ಜರಿಗಿಡದ ಎಳೆಚಿಗುರಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಹಾಗೆ ಸುತ್ತಿಕೊಳ್ಳುವುದು ಜರಿಗಿಡದ ಎಲೆ, ಕಾಂಡವಲ್ಲ. ಬೇರಿನ ಮಾತಂತೂ ಇಲ್ಲವೇ ಇಲ್ಲ, ಬೀಜ ಮೊಳೆಯುವಾಗಲೂ ಬೇರು ಬರುವುದಿಲ್ಲ. ಹರಿವೆಯಾಗಲಿ ಹಲಸಾಗಲಿ, ಮೊಳಕೆ ಮೊದಲು ಇಳಿಸುವುದೇ ಬೇರನ್ನು. ಇದು ಆ ಮೊದಲ ಪಾಠವನ್ನೇ ಬಿಟ್ಟಿದೆ.

ಟೇಲರ್ ಕೂಡ ಒಂದಕ್ಕೆ ಕಾಂಡವೆಂದೂ ಒಂದಕ್ಕೆ ಎಲೆಯೆಂದೂ ಹೆಸರಿಟ್ಟೇ ಬರೆದರು. ಕೆಲಸ ಸಾಗಬೇಕಲ್ಲ. 1920ರಲ್ಲಿ ನೀರುಸಸ್ಯಗಳ ಮೇಲೆ ಪುಸ್ತಕ ಬರೆದ ಇಂಗ್ಲೆಂಡಿನ ಆಗ್ನೆಸ್ ಆರ್ಬರ್ ಮುಂದೆ ಒಂದು ಮಾತು ಹೇಳಿದರು: ಎಲೆಯೆಂದರೆ ಅರೆಬರೆ ರೆಂಬೆ, ಪೂರ್ತಿ ರೆಂಬೆಯಾಗುವ ಸೆಳೆತ ಅದರಲ್ಲಿ ಇದ್ದೇ ಇರುತ್ತದೆ. ಸ್ವಿಟ್ಜರ್ಲೆಂಡಿನ ರೋಲ್ಫ್ ರುಟಿಸ್ಹೌಸರ್ ಆ ದಾರಿ ಹಿಡಿದು ಈ ಗಿಡವನ್ನೂ, ನಮ್ಮ ಘಟ್ಟದ ಹೊಳೆಗಳಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುವ ಪೋಡೋಸ್ಟೆಮೇಸೀ ಕುಟುಂಬದ ಗಿಡಗಳನ್ನೂ ಜೊತೆಗಿಟ್ಟು ನೋಡಿದರು. ಅಲ್ಲಿಯೂ ಇದೇ ಗೊಂದಲ. ಅವರ ಪ್ರಕಾರ ಬೇರು, ಕಾಂಡ, ಎಲೆ ಎಂಬವು ಗೋಡೆ ಕಟ್ಟಿದ ಮೂರು ಕೋಣೆಗಳಲ್ಲ, ನಡುವೆ ಮಸುಕು ಗಡಿಯಿರುವ ಪ್ರದೇಶಗಳು. ಒಂದು ಅಂಗ ಮುಕ್ಕಾಲು ಎಲೆ, ಕಾಲು ಕಾಂಡ ಆಗಿರಬಹುದು. ಉತ್ತರಪತ್ರಿಕೆಯಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ನಾನು ಕೆಂಪು ಶಾಯಿಯಲ್ಲಿ ಏನು ಬರೆಯುತ್ತಿದ್ದೆನೋ ಹೇಳುವುದು ಬೇಡ.

ಕಟ್ಟುಪಾಡು ಕಳಚಿದ ಮೇಲೆ ಈ ಕುಲ ಆಡಿದ ಆಟ ಒಂದೆರಡಲ್ಲ. ನಮ್ಮ ಕೆರೆಗಳಲ್ಲೇ ಸಿಗುವ ಸ್ಟೆಲ್ಲಾರಿಸ್ ಎಂಬುದು ಹೂ ಬಿಡುವ ಕಾಲಕ್ಕೆ ದಂಟಿನ ಸುತ್ತ ಸ್ಪಂಜಿನಂಥ ಉಬ್ಬು ತೋಳುಗಳನ್ನು ನಕ್ಷತ್ರದಂತೆ ಚಾಚಿ ಹೂವನ್ನು ತೇಲಿಸುತ್ತದೆ. ಬುರುಡೆ ಕಟ್ಟಿಕೊಂಡು ಈಜುವುದು ಎಂದರೆ ಇದು, ಚೀಲವಲ್ಲ. ಉತ್ತರದ ಚಳಿನಾಡುಗಳ ಇಂಟರ್ಮೀಡಿಯಾ ಎರಡು ಬಗೆಯ ಎಳೆ ಬಿಡುತ್ತದೆ: ಹಸಿರು ಎಳೆ ಬಿಸಿಲಿಗೆ, ಅದರಲ್ಲಿ ಚೀಲವಿಲ್ಲ; ಬಿಳಿಚಿದ ಎಳೆ ಕೆಸರಿಗೆ, ಅದರ ತುಂಬ ಚೀಲ. ಅಡುಗೆಯವರು ಬೇರೆ, ಬೇಟೆಯವರು ಬೇರೆ. ದಕ್ಷಿಣ ಅಮೆರಿಕದ ಹಂಬೋಲ್ಟಿಯೈ ಇನ್ನೊಂದು ಗಿಡದ ಎಲೆಗಳ ನಡುವೆ ನಿಂತ ಮಳೆನೀರಿನಲ್ಲಿ ಮನೆ ಮಾಡುತ್ತದೆ. ಕುಲದಲ್ಲೇ ದೊಡ್ಡ ಚೀಲ ಅದರದು, ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಪಶ್ಚಿಮ ಆಫ್ರಿಕದ ರಿಜಿಡಾ ರಭಸದ ಹೊಳೆಯ ಬಂಡೆಗೆ ಕಚ್ಚಿಕೊಂಡು ಬದುಕುತ್ತದೆ.

ಇಷ್ಟೆಲ್ಲ ರೂಪ ಬದಲಾಯಿಸಲು ದೊಡ್ಡ ಗ್ರಂಥಾಲಯವೇ ಬೇಕು ಎಂದು ನಾವು ತಿಳಿಯುತ್ತೇವೆ. ಗಿಬ್ಬಾ ಎಂಬ ಪ್ರಭೇದದ ಜೀನೋಮನ್ನು 2013ರಲ್ಲಿ ಓದಿದಾಗ ಅದರಲ್ಲಿದ್ದದ್ದು ಸುಮಾರು 8 ಕೋಟಿ 20 ಲಕ್ಷ ಅಕ್ಷರ. ಆಮೇಲೆ ಇನ್ನಷ್ಟು ನಿಖರವಾಗಿ ಓದಿದಾಗಲೂ 10 ಕೋಟಿಯ ಆಸುಪಾಸು. ಮನುಷ್ಯನದು 300 ಕೋಟಿಗೂ ಹೆಚ್ಚು. ಆದರೂ ಅದರ ಜೀನುಗಳು 28,500ರಷ್ಟು, ನಮ್ಮದು 20,000ದ ಹತ್ತಿರ. ಪುಸ್ತಕ ತೆಳ್ಳಗೆ, ಮಾತು ಕಡಿಮೆಯಿಲ್ಲ.

ಆ ಗಿಬ್ಬಾದ ಮೇಲೆಯೇ ಇಂಗ್ಲೆಂಡಿನ ಜಾನ್ ಇನ್ಸ್ ಸೆಂಟರಿನ ಎನ್ರಿಕೊ ಕೋಯೆನ್ ತಂಡ 2020ರಲ್ಲಿ ಇನ್ನೊಂದು ಗುಟ್ಟು ಬಿಡಿಸಿತು. ಎಲೆಗೆ ಮೇಲ್ಮೈ, ಕೆಳಮೈ ಎಂದು ಎರಡು ಮುಖವಿದೆಯಲ್ಲ. 'ಇದು ಮೇಲ್ಮೈ' ಎಂದು ಎಳೆಯ ಮೊಳಕೆಗೆ ತಿಳಿಸುವ ಜೀನುಗಳಿವೆ. ಮಾಮೂಲು ಎಲೆಯಲ್ಲಿ ಆ ಸೂಚನೆ ಒಂದು ಪಕ್ಕವನ್ನೆಲ್ಲ ಆವರಿಸುತ್ತದೆ, ಎಲೆ ಹಾಳೆಯಂತೆ ಹರಡುತ್ತದೆ. ಗಿಬ್ಬಾದ ಚೀಲದ ಮೊಳಕೆಯಲ್ಲಿ ಅದು ಒಂದು ಸಣ್ಣ ಜಾಗಕ್ಕೆ ಮಾತ್ರ ಸೀಮಿತ. ಆ ಜಾಗ ಒಳಕ್ಕೆ ಗುಳಿಬಿದ್ದು, ಸುತ್ತಲಿನದು ಮೇಲೆದ್ದು ಬಟ್ಟಲಾಗಿ, ಬಟ್ಟಲು ಮುಚ್ಚಿಕೊಂಡು ಚೀಲವಾಗುತ್ತದೆ. ಅದೇ ಜೀನನ್ನು ಎಲ್ಲ ಕಡೆ ಕೆಲಸ ಮಾಡುವಂತೆ ಒತ್ತಾಯಿಸಿದಾಗ ಚೀಲಗಳೇ ಹುಟ್ಟಲಿಲ್ಲ. ರೊಟ್ಟಿ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ತಟ್ಟಿದರೆ ರೊಟ್ಟಿ, ಹೆಬ್ಬೆರಳಿನಿಂದ ಒಂದೇ ಕಡೆ ಒತ್ತುತ್ತ ಹೋದರೆ ಕಡುಬಿನ ಬಟ್ಟಲು. ಹಿಟ್ಟು ಒಂದೇ.

ನೀರೊಳಗೆ ಬೇಟೆಯಾಡುವ ಇನ್ನೊಂದು ಗಿಡವೂ ಇದೆ, ಆಲ್ಡ್ರೊವಾಂಡಾ. ಇಡೀ ಜಗತ್ತಿನಲ್ಲಿ ಆ ಕುಲಕ್ಕೆ ಒಂದೇ ಪ್ರಭೇದ. 1696ರಲ್ಲಿ ಲಿಯೊನಾರ್ಡ್ ಪ್ಲುಕೆನೆಟ್ ಅದನ್ನು ಮೊದಲು ದಾಖಲಿಸಿದ್ದೇ ಭಾರತದ ಗಿಡವೆಂದು. ಬಂಗಾಳದಲ್ಲಿ ಅದರ ನೆಲೆ. ಅದಕ್ಕೂ ಬೆಳೆದ ಮೇಲೆ ಬೇರಿಲ್ಲ. ಆದರೆ ಮೈಕಟ್ಟು ನೋಡಿದರೆ ನನ್ನಂಥ ಮೇಷ್ಟ್ರಿಗೆ ಜೀವ ಬರುತ್ತದೆ. ನೆಟ್ಟಗಿನ ಕಾಂಡ, ಗಿಣ್ಣು ಗಿಣ್ಣಿಗೆ ಬಂಡಿಚಕ್ರದ ಅರೆಕಾಲಿನಂತೆ ಸುತ್ತಲೂ ಎಲೆ, ಪ್ರತಿ ಎಲೆಯ ತುದಿಗೆ ಎರಡು ಅಂಗೈ ಜೋಡಿಸಿದಂಥ ಬಲೆ. ಹುಳು ತಾಗಿದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಅಂಗೈ ಮುಚ್ಚುತ್ತದೆ. ಬೆಳೆಯುವ ಕಾಲದಲ್ಲಿ ದಿನಕ್ಕೊಂದರಂತೆ ಮುಂದೆ ಹೊಸ ಚಕ್ರ ಹುಟ್ಟಿದರೆ ಹಿಂದೆ ಹಳೆಯ ಚಕ್ರ ಕೊಳೆಯುತ್ತದೆ, ಗಿಡದ ಉದ್ದ ಹೆಚ್ಚು ಕಡಿಮೆ ಅಷ್ಟೇ. ಇದು ವಂಶದಲ್ಲಿ ಡ್ರಾಸೆರಾ ಎಂಬ ಇನ್ನೊಂದು ಮಾಂಸಾಹಾರಿ ಗಿಡದ ಬಳಗ, ಹಾಗೆ ಹಿಂದೆ ಹೋದರೆ ಹರಿವೆ ಸೊಪ್ಪಿಗೆ ದೂರದ ನೆಂಟ. ಯುಟ್ರಿಕ್ಯುಲೇರಿಯಾ ತುಳಸಿ, ಎಳ್ಳು, ಮಲ್ಲಿಗೆಗಳ ಗಣದ್ದು. ತುಳಸಿಕಟ್ಟೆಗೆ ನಮಸ್ಕಾರ ಹಾಕುವವರಿಗೆ ಇದನ್ನು ಹೇಳಬೇಕೋ ಬೇಡವೋ ನನಗೆ ಗೊತ್ತಿಲ್ಲ. ಎರಡು ಬೇರೆ ಬೇರೆ ಮನೆತನಗಳು ಸಾರವಿಲ್ಲದ ಒಂದೇ ನೀರಿಗಿಳಿದು ಒಂದೇ ಹಸಿವಿಗೆ ಸಿಕ್ಕವು. ಒಂದು ಅಜ್ಜನ ಮನೆಯ ನಕ್ಷೆಯನ್ನು ಹಾಗೇ ಉಳಿಸಿಕೊಂಡು ಬಾಗಿಲು ಮಾತ್ರ ಬದಲಿಸಿತು, ಇನ್ನೊಂದು ನಕ್ಷೆಯನ್ನೇ ನೀರಿಗೆ ಬಿಟ್ಟಿತು. ನಕ್ಷೆ ಉಳಿಸಿಕೊಂಡದ್ದು ಒಂದೇ ಪ್ರಭೇದವಾಗಿ, ಅಳಿವಿನಂಚಿನ ಪಟ್ಟಿಯಲ್ಲಿದೆ. ಅದಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅದು ಬಯಸುವ ತಿಳಿನೀರಿನ ಜೌಗುಗಳೇ ಕಡಿಮೆಯಾಗಿವೆ.

ಬಾಟಲಿಯ ಕಥೆ ಮುಗಿಸಿಬಿಡುತ್ತೇನೆ. ಹತ್ತನೆಯ ದಿನ ಮನೆಯಾಕೆ ಅಕ್ಕಿ ತೊಳೆದ ನೀರನ್ನು ಒಂದು ಲೋಟ ಅದಕ್ಕೆ ಸುರಿದಿದ್ದಳು. "ಪಾಪ, ಬರೀ ನೀರಿನಲ್ಲಿ ಎಷ್ಟು ದಿನ ಇರ್ತದೆ?" ಎಂದು. ಪ್ರೀತಿಯಲ್ಲಿ ತಪ್ಪಿಲ್ಲ, ಆದರೆ ಈ ಗಿಡ ಚೀಲ ಕಟ್ಟುವುದೇ ನೀರಿನಲ್ಲಿ ಸಾರವಿಲ್ಲವೆಂದು. ಸಾರಜನಕ, ರಂಜಕ ಹುಳುವಿನಿಂದ. ಉಳಿದ ಅಡುಗೆ ಬಿಸಿಲಿನಿಂದ. ಮೈಯಲ್ಲಿ ಸಾರಜನಕ ಸಾಕಷ್ಟಾದರೆ ಹೊಸದಾಗಿ ಬೆಳೆಯುವ ಎಳೆಗಳಲ್ಲಿ ಚೀಲ ಕಡಿಮೆಯಾಗುತ್ತದೆ. ಒಂದೇ ಗಿಡ ಒಂದು ಕೊಳದಲ್ಲಿ ಚೀಲದ ಗೊಂಚಲು, ಇನ್ನೊಂದರಲ್ಲಿ ಬರೀ ಎಳೆ. ನಮ್ಮ ಬಾಟಲಿಯಲ್ಲಿ ಅಷ್ಟು ದೂರವೂ ಹೋಗಲಿಲ್ಲ. ಎರಡೇ ದಿನಕ್ಕೆ ನೀರು ಹುಳಿನಾತ ಹೊಡೆದು, ಲೋಳೆ ಕಟ್ಟಿ, ಮುಕ್ಕಾಲು ಗಿಡ ಕೊಳೆಯಿತು. ಬೆರಳುದ್ದದ ಒಂದು ತುದಿಯನ್ನು ಉಳಿಸಿ ಅಂಗಳದ ಟಬ್ಬಿನ ಮಳೆನೀರಿಗೆ ಬಿಟ್ಟೆ. ಈಗ ಅದು ಒಂದು ಮೊಳ ಮೀರಿದೆ, ತುಂಬ ಚೀಲ. ಪಕ್ಕದವರು ನಿನ್ನೆ ಬಂದು ಬಗ್ಗಿ ನೋಡಿ, "ಇನ್ನೂ ಬೇರು ಬಿಟ್ಟಿಲ್ಲವಾ?" ಎಂದು ಹೋದರು.

ಈಗ ಶಾಲೆಯಲ್ಲಿರುವ ವಿಜ್ಞಾನದ ಮೇಷ್ಟ್ರು, ಟೀಚರುಗಳಲ್ಲಿ ಒಂದು ಕೋರಿಕೆ. ಹೈಡ್ರಿಲ್ಲಾ ತರಲು ಮಕ್ಕಳನ್ನು ಕೆರೆಗೆ ಕಳಿಸಿದಾಗ ಅದರ ಜೊತೆ ಕಪ್ಪು ಚುಕ್ಕೆಯ ನೂಲುಪಾಚಿ ಬಂದರೆ ಕಿಟಕಿಯಿಂದ ಎಸೆಯಬೇಡಿ. ಬಿಳಿ ತಟ್ಟೆಯಲ್ಲಿ ಕೆರೆನೀರು ಹಾಕಿ, ಅದರಲ್ಲಿ ಬಿಟ್ಟು, ಮಕ್ಕಳ ಕೈಗೆ ಭೂತಗನ್ನಡಿ ಕೊಡಿ. ಭಾಗಗಳನ್ನು ಗುರುತಿಸಲು ಮಾತ್ರ ಹೇಳಬೇಡಿ, ಹೇಳಿದರೂ ಅಂಕ ಕಡಿಯಬೇಡಿ.